ದೋಷ ಬಿಟ್ಟು ಕಟ್ಟಿದ ಗಂಟು

ರವೆ ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಯಾರೋ ಜಾತಕ ಹಿಡಿದು ಬಂದಿದ್ದಾರೆ ಅನಿಸುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಎದ್ದು ಅಂಗಿ ಹಾಕಿಕೊಂಡೆ.

ನಗಬೇಡಿ, ಕಾರಣವಿದೆ. ಸೊರಬದಲ್ಲಿ ಜ್ಯೋತಿಷ್ಯ ಹೇಳುತ್ತಿದ್ದ ನನ್ನ ಸೋದರಮಾವನಿಗೆ ಕಣ್ಣಿನ ಪೊರೆ ಬಂದು ಪಂಚಾಂಗ ಕಾಣದಾದಾಗ, ನಾನು ಜಾತಕ ಕೂಡಿಸುವ ಪ್ರೋಗ್ರಾಮು ಬರೆದೆ. ಶಿಕಾರಿಪುರದಲ್ಲಿ ಕಂಪ್ಯೂಟರ್ ಪಾಠ ಹೇಳುವವನಿಗೆ ಅಷ್ಟು ಜಂಬವಾದರೂ ಬೇಡವೇ? ಅದರೊಳಗೆ ಗ್ರಹವೂ ಒಂದು ವಸ್ತು, ಕುಜದೋಷವೂ ಒಂದು ವಸ್ತು. ಬೇಕಾದಾಗ ಒಂದು ಇನ್ನೊಂದನ್ನು ಹೆಸರು ಹಿಡಿದು ಕರೆಯುತ್ತಿತ್ತು. ಆದರೆ ಅದನ್ನು ಬರೆಯಲು ಬಳಸಿದ ದೊಡ್ಡ ತಂತ್ರಾಂಶದ ಒಳಗಲ್ಲದೆ ಪ್ರೋಗ್ರಾಮು ಬೇರೆಲ್ಲೂ ಓಡದು, ಆ ತಂತ್ರಾಂಶದ ಭಾರವನ್ನು ಮಾವನ ಹಳೆಯ ಕಂಪ್ಯೂಟರು ತಡೆಯದು. ಹಾಗಾಗಿ ಮಾವ ಗಂಡಿನವರನ್ನೂ ಹೆಣ್ಣಿನವರನ್ನೂ ಬಸ್ಸು ಹತ್ತಿಸಿ ನಮ್ಮ ಮನೆಗೇ ಕಳಿಸತೊಡಗಿದರು. ಬಂದವರಿಗೆಲ್ಲ ಉಪ್ಪಿಟ್ಟು. ಜಾತಕ ಕೂಡದಿದ್ದರೆ ಜಗಳವೂ ನಮ್ಮಲ್ಲೇ.

"ಆ ಪ್ರೋಗ್ರಾಮು ಮನೆ ಬಿಟ್ಟು ಹೋಗೋ ಹಂಗೆ ಮಾಡ್ರೀ. ಇಲ್ಲಾಂದ್ರೆ ನಾನು ಹೋಗ್ತೀನಿ" ಎಂದಳು ಹೆಂಡತಿ.

ಪ್ರೋಗ್ರಾಮಿಗೆ ಬೇಕಾದಷ್ಟನ್ನೇ ಆರಿಸಿ, ಉಳಿದದ್ದನ್ನು ಬಿಸಾಕಿ, ಎಲ್ಲಿ ಬೇಕಾದರೂ ಓಡುವಂತೆ ಗಂಟು ಕಟ್ಟಿಕೊಡುವ ಸಾಧನವೊಂದಿದೆ. ಕಟ್ಟಿದೆ. ಪರೀಕ್ಷೆಗೆಂದು ನಮ್ಮಿಬ್ಬರ ಜಾತಕ ಹಾಕಿದರೆ 'ಅತ್ಯುತ್ತಮ' ಎಂದು ಬಂತು.

"ಏನೋ ತಪ್ಪಾಗಿದೆ ಕಣ್ರೀ" ಎಂದಳು. ನಾನು ಕೇಳದೆ ಗಂಟನ್ನು ಒಯ್ದು ಮಾವನ ಕಂಪ್ಯೂಟರಿಗೆ ಹಾಕಿಕೊಟ್ಟೆ.

ಕೆಲವೇ ವಾರಗಳಲ್ಲಿ ಮಾವನ ಫೋನು ಬಂತು. "ಸೊರಬದಾಗೆ ಯಾರಿಗೂ ದೋಷಾನೇ ಇಲ್ವಲ್ಲೋ ಮಾರಾಯ. ಕುಜದೋಷ ಅಂತ ಎಲ್ಲರೂ ಬಿಟ್ಟುಹೋಗಿದ್ದ ಹೊಸಬಾಳೆ ನಾಗಪ್ಪನ ಮಗಳು ಶಾರದಂಗೂ ಕುಬಟೂರಿನ ಗಂಡು ಕೂಡಿಬಂತು."

ಜಾತಕ ಕೈಗೆ ಬರುವವರೆಗೆ ಯಾವ ದೋಷವನ್ನು ಕರೆಯಬೇಕೆಂದು ನನ್ನ ಪ್ರೋಗ್ರಾಮಿಗೇ ಗೊತ್ತಿರುವುದಿಲ್ಲ. ಗಂಟು ಕಟ್ಟುವಾಗ, ಯಾರೂ ಕರೆಯದ ಇವು ಯಾಕೆ ಬೇಕೆಂದು ಆ ಸಾಧನ ಅಷ್ಟೂ ದೋಷಗಳನ್ನು ಬಿಸಾಕಿತ್ತು. ಸಿಕ್ಕ ಬಸ್ಸಿಗೆ ಸೊರಬಕ್ಕೆ ಹೋಗಿ ಹೇಳಿದೆ. ಮಾವ ನಾಗಪ್ಪನನ್ನು ಕರೆಸಿ, ಮಗಳಿಗೆ ದೋಷ ಇರುವುದು ನಿಜವೆಂದು ಒಪ್ಪಿಕೊಂಡರು.

ನಾಗಪ್ಪ ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. "ಗಂಡಿನ ಕಡೇರಿಗೆ ಮೊದಲೇ ಹೇಳೀನ್ರೀ, ಹಿಂದೆ ಹಿಂಗಂದಿದ್ರು ಅಂತ. ಅವರು ಬೇಡ ಅನ್ನಲಿಲ್ಲ. ಹುಡುಗ ಹುಡುಗಿ ಒಪ್ಯಾರೆ. ಹೋಗಿದ್ದನ್ನ ನೀವ್ಯಾಕ್ರೀ ಭಟ್ರೆ ಮತ್ತೆ ಕರೀತೀರಿ?"

ಮದುವೆ ನಡೆಯಿತು. ಚೆನ್ನಾಗಿದ್ದಾರೆ. ಸರಿಪಡಿಸಿದ ಗಂಟನ್ನು ಒಯ್ದರೆ ಮಾವ ಮುಟ್ಟಲಿಲ್ಲ. "ಕಣ್ಣು ಆಪರೇಷನ್ ಮಾಡಿಸ್ಕೊಳ್ತೀನಿ ಬಿಡು" ಎಂದರು.

ಇವತ್ತು ಅಂಗಿ ಹಾಕಿಕೊಂಡು ಹೊರಬಂದರೆ ಜಾತಕದವರು ಯಾರೂ ಇರಲಿಲ್ಲ. ಮಗಳು ಒಬ್ಬಳೇ ಕೂತಿದ್ದಳು. ತಾನೊಬ್ಬನನ್ನು ಮೆಚ್ಚಿರುವುದಾಗಿ ನೆಲ ನೋಡುತ್ತ ಹೇಳಿ, "ಅವನು ಹುಟ್ಟಿದ ಟೈಮು ಬೇಕಾ ಅಪ್ಪ?" ಎಂದಳು.

"ಊಟಕ್ಕೆ ಬರೋ ಟೈಮು ಕೇಳು" ಎಂದೆ.