ಮಾರಮ್ಮನನ್ನು ಕರೆಯುವ ಬಾಯಿ

ರಾವಂದೂರಿನಿಂದ ಒಳದಾರಿಯಲ್ಲಿ ಎರಡು ಮೈಲಿ ಹೋದರೆ ಸಿಗುವ ಊರಿನಲ್ಲಿ ಚಿಕ್ಕಬಸಮ್ಮ ಎರಡು ಕೆಲಸಕ್ಕೆ ಹೆಸರಾದವಳು. ಒಂದು, ಹೊಗೆಸೊಪ್ಪು ಕಟ್ಟುವುದು. ಹಸಿ ಎಲೆಯನ್ನು ದಾರದಲ್ಲಿ ಸುತ್ತಿ ಕಡ್ಡಿಗೆ ಏರಿಸುವುದರಲ್ಲಿ, ವಯಸ್ಸು ಅರವತ್ತು ದಾಟಿದ್ದರೂ, ಅವಳ ಕೈಗೆ ಸಮನಾದ ಕೈ ಆ ಸುತ್ತಿನಲ್ಲಿ ಇರಲಿಲ್ಲ. ಇನ್ನೊಂದು, ಪದ ಹೇಳುವುದು. ಹಸೆಯ ಮುಂದೆ, ತೊಟ್ಟಿಲ ಮುಂದೆ, ಸೊಪ್ಪಿನ ರಾಶಿಯ ಮುಂದೆ, ಎಲ್ಲಿ ಕೂತರೂ ಬಾಯಲ್ಲೊಂದು ಪದ ಇರುತ್ತಿತ್ತು.

ಅವಳ ಕೇರಿಯ ಮಾರಮ್ಮ ಪೂಜಾರಿ ಲಿಂಗಣ್ಣನ ಮೈಮೇಲೆ ಬರುವುದು ಶುಕ್ರವಾರ ಮಧ್ಯಾಹ್ನ. ಸುಮ್ಮನೆ ಬರುವುದಿಲ್ಲ. ಏಳು ಜನ ಅಕ್ಕತಂಗಿಯರ ಹೆಸರು ಹಿಡಿದು, ಅವರವರ ಊರು ಹೇಳಿ ಕರೆಯಬೇಕು. ಆ ಪದ ಚಿಕ್ಕಬಸಮ್ಮನಿಗೆ ಅತ್ತೆಯಿಂದ ಬಂದದ್ದು. ಅವಳು ಐದನೆಯ ಹೆಸರು ಮುಗಿಸುವಷ್ಟರಲ್ಲಿ ಲಿಂಗಣ್ಣನ ಭುಜ ಅದುರುತ್ತಿತ್ತು. ಮೂವತ್ತು ವರ್ಷದಿಂದ ಹೀಗೇ ನಡೆದುಬಂದದ್ದರಿಂದ ಯಾರೂ ಅದನ್ನು ವಿಶೇಷ ಎಂದುಕೊಂಡಿರಲಿಲ್ಲ.

ಈ ಸಲ ಆಷಾಢದಲ್ಲಿ ಅವಳ ಮೊಮ್ಮಗಳು ಪ್ರಿಯಾಳಿಗೆ ಸೌದೆ ರಾಶಿಯ ಹತ್ತಿರ ಹಾವು ಕಚ್ಚಿತು. ಲಿಂಗಣ್ಣ ಓಡಿ ಬಂದು ಹಣೆಗೆ ಭಂಡಾರ ಇಟ್ಟು, "ಅಮ್ಮನ ಅಪ್ಪಣೆ ಆಗ್ದೆ ಮಗೀನ ಊರ ಗಡಿ ದಾಟಿಸ್ಬ್ಯಾಡಿ" ಎಂದ. ಚಿಕ್ಕಬಸಮ್ಮ ಅಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದು, ಹುಡುಗಿಯನ್ನು ವೆಂಕಟೇಶನ ಆಟೋಗೆ ಹಾಕಿಕೊಂಡು ಪಿರಿಯಾಪಟ್ಟಣದ ಆಸ್ಪತ್ರೆಗೆ ಹೊರಟೇಬಿಟ್ಟಳು. ಹುಡುಗಿ ಬದುಕಿದಳು. ನಾಲ್ಕು ದಿನ ಬಿಟ್ಟು, ಕೂಲಿಗೆ ಹೋಗುವ ಕರಿಯಪ್ಪನವರ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಅವಳ ಬಾಯಿಗೆ ಹೊಸ ಪದವೊಂದು ತಾನಾಗಿ ಬಂತು:

"ಬೇವಿನ ಸೊಪ್ಪಲ್ಲೂ ನೀನವ್ವ, ಸೂಜಿಯ ಮೊನೆಯಲ್ಲೂ ನೀನವ್ವ,
ಆಟೋದ ಗಾಲೀಲೂ ನೀನವ್ವ, ಅಪ್ಪಣೆ ಕೇಳಾಕೆ ಹೊತ್ತೆಲ್ಲಿತ್ತವ್ವ."

ಕರಿಯಪ್ಪನವರ ಮಗಳು ಅನುಶ್ರೀ ಇದನ್ನು ಫೋನಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟಳು. ಅದು ಹುಣಸೂರು, ಕೆ.ಆರ್. ನಗರ ಸುತ್ತಿ ಸಾಲಿಗ್ರಾಮದಲ್ಲಿದ್ದ ಲಿಂಗಣ್ಣನ ಅಳಿಯನಿಗೂ ತಲುಪಿತು. ಅಳಿಯ ನಗುವ ಮುಖ ಅಂಟಿಸಿ ಮಾವನಿಗೇ ಕಳಿಸಿದ.

ಮುಂದಿನ ಶುಕ್ರವಾರ ಚಿಕ್ಕಬಸಮ್ಮ ಎಂದಿನಂತೆ ಕರೆದಳು, ಅಮ್ಮ ಎಂದಿನಂತೆ ಬಂದಳು. ಬಂದವಳು ಕೂಗಿದಳು: "ನನ್ನ ಅಪ್ಪಣೆಗೆ ಹೊತ್ತಿಲ್ಲ ಅಂದ ಬಾಯಿಗೆ ಬೀಗ ಹಾಕೀನಿ! ಮನೇಲಾಗ್ಲಿ ಹೊಲದಲ್ಲಾಗ್ಲಿ, ಪದ ಅಂದ್ರೆ ನಾಲಿಗೆ ಸೇದೋಯ್ತದೆ!"

ಜನ ಚಿಕ್ಕಬಸಮ್ಮನಿಂದ ಒಂದು ಮಾರು ಹಿಂದೆ ಸರಿದರು.

ಮನೆಯಲ್ಲಿ ಗಂಡ ದೊಡ್ಡಮಾದಯ್ಯ, "ಅದು ಲಿಂಗಣ್ಣನ ಸಿಟ್ಟು ಕಣಮ್ಮಿ, ಅಮ್ಮಂದಲ್ಲ, ಬುಡು" ಎಂದ.

"ಯಾವ್ದು ಯಾರ್ದು ಅಂತ ನಿಂಗೆಂಗೆ ಗೊತ್ತಾಯ್ತದೆ? ಕರ್ದೋಳು ನಾನು. ನನ್ನ ಪದಕ್ಕೇ ಬಂದವ್ಳೆ. ಸುಳ್ಳು ಅನ್ನಾಕೆ ಆಯ್ತದಾ?"

ಅವಳು ನಂಬಿದ್ದಳು. ಅದೇ ಅವಳಿಗೆ ಕಷ್ಟವಾದದ್ದು. ನಂಬಿಕೆ ಇಲ್ಲದಿದ್ದರೆ ಮಾರನೆಯ ದಿನವೇ ಹಾಡಿಬಿಡುತ್ತಿದ್ದಳು. ಬಾಯಿಗೆ ಬಂದ ಪದವನ್ನು ನುಂಗಿಕೊಂಡು, ಬೆಳಗಾದರೆ ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಳ್ಳುವುದು ಅಭ್ಯಾಸವಾಯಿತು. ಪ್ರಿಯಾ ಮಲಗುವಾಗ ಪದ ಹೇಳು ಎಂದು ಕೇಳಿದರೆ ಅಜ್ಜಿ ಅತ್ತ ತಿರುಗಿ ಮಲಗುತ್ತಿದ್ದಳು.

ಆಮೇಲಿನ ಶುಕ್ರವಾರ ಗುಡಿಯ ಮುಂದೆ ಜನ ಸೇರಿದಾಗಲೇ ಊರಿಗೆ ತಪ್ಪು ಹೊಳೆದದ್ದು. ಕರೆಯುವವರು ಯಾರು? ಅದೇ ಕೇರಿಯ ಸುಂದ್ರಮ್ಮ ಮುಂದೆ ಬಂದಳು. ಮೂರನೆಯ ತಂಗಿಯ ಊರು ಮರೆತು ಮತ್ತೆ ಮೊದಲನೆಯವಳ ಹೆಸರಿಗೇ ಬಂದು ನಿಂತಳು. ತಮಟೆ ಬಡಿದೇ ಬಡಿದರು. ಲಿಂಗಣ್ಣ ಬೇವಿನ ಸೊಪ್ಪು ಹಿಡಿದು ಕಣ್ಣು ಮುಚ್ಚಿ ನಿಂತೇ ಇದ್ದ. ಅಮ್ಮ ಬರಲಿಲ್ಲ. ಲಿಂಗಣ್ಣ ಮೋಸಗಾರನಲ್ಲ. ಬಾರದ್ದನ್ನು ಬಂತು ಎಂದು ಕುಣಿಯುವವನಾಗಿದ್ದರೆ ಅವತ್ತೇ ಕುಣಿಯುತ್ತಿದ್ದ. ಅದರ ಮುಂದಿನ ವಾರವೂ ಹಾಗೇ ಆಯಿತು.

ಮೂರನೆಯ ಶುಕ್ರವಾರ ಕರಿಯಪ್ಪನವರೇ ಬಂದರು. ಅವರ ಹೊಲದ ಮೊದಲ ಸೊಪ್ಪು ಮುರಿದು ತಂದಾಗಿತ್ತು. ಸೊಪ್ಪು ಒಣಗಿಸುವ ಬ್ಯಾರನ್ನಿಗೆ ವರ್ಷದ ಮೊದಲ ಬೆಂಕಿ ಹಾಕಲು ಮಾರಮ್ಮನ ಮಾತು ಬೇಕು. ತಡವಾದರೆ ರಾಶಿ ಹಾಕಿದ ಎಲೆ ಬೆಂದು ಕಪ್ಪಾಗುತ್ತದೆ.

"ಫೋನಲ್ಲಿ ಅವಳ ಪದ ಐತಲ್ಲ, ಅದ್ನೇ ಹಾಕ್ರಪ್ಪ" ಎಂದರು.

"ಇರೋದು ಆ ಆಟೋ ಪದ ಒಂದೇ ಕಣ್ರೀ" ಎಂದ ತಮಟೆಯವನು. ನಾಲ್ಕು ಜನ ನಕ್ಕರು. ಲಿಂಗಣ್ಣ ನಗಲಿಲ್ಲ.

ಎಲ್ಲರೂ ಚಿಕ್ಕಬಸಮ್ಮನ ಬಾಗಿಲಿಗೆ ಬಂದರು.

"ಬಾರಕ್ಕ, ಒಂದ್ಸಲ ಕರ್ದುಬುಡು" ಎಂದ ಲಿಂಗಣ್ಣ.

"ಪದ ಆಡ್ಬ್ಯಾಡ ಅಂದೋಳು ಅವ್ಳು. ಅವ್ಳೇ ಬಂದು ಆಡು ಅನ್ಲಿ."

"ನೀನು ಆಡ್ದೆ ಅವ್ಳು ಬರಾಕಿಲ್ವಲ್ಲಕ್ಕ!"

"ಅದ್ನ ಬೀಗ ಹಾಕ್ಸೋವಾಗ ಯೋಚ್ನೆ ಮಾಡ್ಬೇಕಿತ್ತು."

"ನಾನ್ ಹೇಳ್ತೀನಿ, ಆಡು."

"ನೀನಾ? ಹಾಕಿದ್ದು ಅಮ್ಮ, ತೆಗ್ಯೋನು ನೀನಾ ಲಿಂಗಣ್ಣ? ಅಂಗಾರೆ ಹಾಕಿದ್ದೂ ನೀನೇಯಾ?"

ದೊಡ್ಡಮಾದಯ್ಯ ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಹೆಂಡತಿಯ ಮುಖ ನೋಡುತ್ತಾ ಕೂತ.

ಅವಳು ಒಳಗೆ ಹೋಗಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಎಲೆ ಅಡಿಕೆ ಹಾಕಿಕೊಂಡು ಬಂದಳು. "ಆಡ್ತೀನಿ. ಕದ್ದು ಮುಚ್ಚಿ ಆಡಾಕಿಲ್ಲ. ಆ ಎರಡು ಸಾಲೂ ಸೇರ್ಸಿ ಆಡ್ತೀನಿ. ಸಿಟ್ಟಿದ್ರೆ ಅಲ್ಲೇ ನಾಲಿಗೆ ಸೇದಾಕ್ಲಿ, ಇಲ್ಲಾ ಬರ್ಲಿ."

ಗುಡಿಯ ಮುಂದೆ ಕೂತು ಕರೆಯತೊಡಗಿದಳು. ಮೊದಲ ಹೆಸರಿಗೆ ದನಿ ಒಡೆಯಿತು, ಎರಡನೆಯದಕ್ಕೆ ಸರಿಹೋಯಿತು. ನಾಲ್ಕನೆಯ ತಂಗಿಯನ್ನು ಅವಳ ಊರಿನಿಂದ ಹೊರಡಿಸಿದ ಮೇಲೆ, ಒಂದು ಉಸಿರು ತೆಗೆದುಕೊಂಡು ಬೇವಿನ ಸೊಪ್ಪು, ಸೂಜಿಯ ಮೊನೆ ಎಂದಳು. ತಮಟೆಯವನ ಕೈ ಒಂದು ಪೆಟ್ಟು ತಪ್ಪಿತು. ಅವಳು ನಿಲ್ಲಿಸಲಿಲ್ಲ. ಆಟೋದ ಗಾಲಿ ಎನ್ನುವಾಗ ಲಿಂಗಣ್ಣನ ಭುಜ ಅದುರಿತು. ಅಪ್ಪಣೆಯ ಮಾತು ಮುಗಿಯುವ ಮೊದಲೇ ಅಮ್ಮ ಬಂದಿದ್ದಳು.

ಕರಿಯಪ್ಪನವರು ಕೈಮುಗಿದು ಕೇಳಿದರು. "ಹಾಕು ಬೆಂಕಿ" ಎಂದಳು ಅಮ್ಮ. ಚಿಕ್ಕಬಸಮ್ಮನಿಗೆ ಏನು ಹೇಳುತ್ತಾಳೋ ಎಂದು ಜನ ಒಂದು ಹೆಜ್ಜೆ ಮುಂದೆ ಬಂದರು. ಅಮ್ಮ ನೀರು ಕುಡಿದು ಹೋದಳು. ಪದದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಬೆವರು ಒರೆಸಿಕೊಳ್ಳುತ್ತಾ ಕೂತ ಲಿಂಗಣ್ಣ ಮೆಲ್ಲಗೆ ಕೇಳಿದ: "ನಾಕನೇ ಹೆಸ್ರಾದ್ಮೇಲೆ ಏನಂದೆ ಅಕ್ಕ? ನಂಗೆ ತಿಳೀನೇ ಇಲ್ಲ."

"ಮುಂದಿನ್ ವಾರಾನೂ ಅಂತೀನಿ. ಕಿವಿಕೊಟ್ಟು ಕೇಳ್ಕೊ."

ಮನೆಗೆ ಬಂದು ಕನ್ನಡಿ ಮುಂದೆ ನಾಲಿಗೆ ಚಾಚಿದಳು. ಎಲೆ ಅಡಿಕೆಯ ಕೆಂಪು ಬಿಟ್ಟರೆ ಬೇರೇನೂ ಕಾಣಲಿಲ್ಲ. ಕಡ್ಡಿ ಕಟ್ಟುವ ಕೆಲಸ ಬಾಕಿ ಇತ್ತು. ದಾರದ ಉಂಡೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕರಿಯಪ್ಪನವರ ಬ್ಯಾರನ್ನಿನ ಕಡೆ ಹೊರಟಳು. ಕೇರಿ ದಾಟುವಷ್ಟರಲ್ಲೇ ಪದ ಶುರುವಾಗಿತ್ತು.