ಕರೆಂಟಿನ ಗಲಾಟೆ ಮತ್ತು ನನ್ನ ಬಾಯಿ

"ಹ್ವಾಯ್, ಸಲ್ಪ ಬಾಯ್ ಮುಚ್ಕಂಡ್ ಕೂಕಣಿ. ಮೆಷಿನ್ನಿಗೆ ಕೇಂತಿಲ್ಲಂಬ್ರ್."

ಕಳೆದ ವಾರ ಕಡಲಂಚಿನ ಬೀಜಾಡಿಯ ನಮ್ಮ ಮನೆಯ ಹಿತ್ತಲಲ್ಲಿ, ಹೊರಗಿನವರ ಎದುರೇ, ಹೆಂಡತಿ ನನಗೆ ಕೊಟ್ಟ ಆರ್ಡರ್ ಇದು.

ವಿಷಯ ನೀರಿನದು. ಹಳೇ ಬಾವಿಗೆ ಸಮುದ್ರದ ಉಪ್ಪು ನುಗ್ಗಿ, ಎಷ್ಟು ಸಕ್ಕರೆ ಹಾಕಿದರೂ ಚಹಾ ಸಾರಿನ ಹಾಗಾಗುತ್ತಿತ್ತು. ಆಳಕ್ಕೆ ಬೋರ್‌ವೆಲ್ ಕೊರೆಸೋಣ ಎಂದು ನಾನು ದಿನಾ ಭಾಷಣ ಮಾಡುತ್ತಿದ್ದೆ. ಅವಳು "ಹ್ಞೂಂ" ಎನ್ನುತ್ತಿದ್ದಳು. ಮರುಗಳಿಗೆಯೇ, ಹೊನ್ನೆ ಮರದ ಹತ್ತಿರ ಇನ್ನೊಂದು ಬಾವಿ ತೋಡಿಸಿ ಎನ್ನುತ್ತಿದ್ದಳು. ಕೊನೆಗೆ ಬೈಂದೂರು ಕಡೆಯ ಮಾಲತಿ ಎಂಬ ಹುಡುಗಿ, ನೆಲದಡಿಯ ಸಿಹಿನೀರು, ಉಪ್ಪುನೀರು ಗುರುತಿಸುವ ಯಂತ್ರ ತಂದಳು. (ತೀರ್ಪು ನನ್ನ ಪರ ಬರುತ್ತದೆಂದು ಕರೆಸಿದವನು ನಾನೇ.)

ಮಾಲತಿ ನೆಲದ ಮೇಲೆ ತಂತಿಯ ಸುರುಳಿ ಹಾಸಿ, ಲ್ಯಾಪ್‌ಟಾಪ್ ನೋಡಿ, "ಇಲ್ಲ್ ಗಲಾಟೆ ಜಾಸ್ತಿ ಇತ್ತ್" ಎಂದಳು. ಆಗ ನಾನು ಬೋರ್‌ವೆಲ್ ಮಹಿಮೆ ವರ್ಣಿಸುತ್ತಿದ್ದೆ. ಹೆಂಡತಿಗೆ ಅಷ್ಟು ಸಾಕಾಯಿತು. ಯಂತ್ರಕ್ಕೆ ಕೇಳಿಸುತ್ತಿಲ್ಲವೆಂದು ನನ್ನ ಬಾಯಿ ಮುಚ್ಚಿಸಿದಳು. ಪಕ್ಕದ ಮನೆಯ ಮಿಕ್ಸಿ ನಿಲ್ಲಿಸಿದಳು. ಕೋಳಿಗಳನ್ನೂ ಗೂಡಿಗೆ ಅಟ್ಟಿದಳು.

ಮಾಲತಿಗೆ ನಗು. "ಮನ್ಷರ ಗಲಾಟೆ ಅಲ್ಲ ಅಕ್ಕ, ಕರೆಂಟಿಂದ್." ಹಿತ್ತಲ ಮೇಲೆ ಹಾದುಹೋಗುವ ಲೈನ್ ತೋರಿಸಿದಳು. ನೆಲದಿಂದ ಬರುವ ಸಣ್ಣ ಸಿಗ್ನಲ್ ಅದರ ಗುಂಯ್ ಸದ್ದಿನಲ್ಲಿ ಮುಳುಗಿಹೋಗುತ್ತದಂತೆ.

"ಲೈನ್ ಆಫ್ ಮಾಡಿಸ್ಲಾ? ಲೈನ್‌ಮ್ಯಾನ್ ನಮ್ಮವ್ನೇ" ಎಂದೆ, ಬಾಯಿಗೆ ಬಿಡುಗಡೆ ಸಿಕ್ಕ ಖುಷಿಯಲ್ಲಿ.

"ಬ್ಯಾಡ. ಅದ್ ಸೆಕೆಂಡಿಗೆ ಐವತ್ ಸಲ ಒಂದೇ ರಾಗ ಎಳಿತ್ತ್. ರಾಗ ಗೊತ್ತಿದ್ರೆ ಕಂಪ್ಯೂಟರಲ್ಲಿ ಅದನ್ ಮಾತ್ರ ಫಿಲ್ಟರ್ ಮಾಡಿ ತೆಗೂಕ್ ಆತ್ತ್. ಉಳದ್ದ್ ನೆಲದ್ ಮಾತ್."

"ಅಷ್ಟೆಯಾ?" ಎಂದಳು ಹೆಂಡತಿ. "ಇವ್ರನ್ನ್ ಕಟ್ಕಂಡಲ್ಲಿಂದ ನಾನ್ ಅದನ್ನೇ ಮಾಡ್ತಾ ಇದ್ದೆ."

ಸಂಜೆ ಗುಂಯ್ ಕಳೆದ ಗೆರೆಗಳು ಸ್ಕ್ರೀನ್ ಮೇಲೆ ಬಂದವು. ಆಳದಲ್ಲಿ ಬರೀ ಉಪ್ಪು. ಹೊನ್ನೆ ಮರದ ಹತ್ತಿರ, ಮೇಲ್ಪದರದಲ್ಲೇ ಸಿಹಿನೀರು. ಬೋರ್‌ವೆಲ್ ಕೊರೆಸಿದ್ದರೆ? ಸಮುದ್ರಕ್ಕೇ ಪೈಪ್ ಹಾಕಿದಂತಾಗುತ್ತಿತ್ತು.

ಸೋತದ್ದಕ್ಕೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ನಿನ್ನೆ ಹೊಸ ಬಾವಿಯಲ್ಲಿ ನೀರು ಕಂಡಿತು. ಚಹಾ ಚಹಾದ ಹಾಗೇ ಇತ್ತು. ಕುಡಿಯುತ್ತಾ, ಬಾವಿಗೆ ಕಟ್ಟೆ ಎಷ್ಟು ಎತ್ತರ ಬೇಕೆಂದು ನಾನು ವಿವರಿಸತೊಡಗಿದೆ. ಅವಳು "ಹ್ಞೂಂ" ಎಂದಳು.

ಇಷ್ಟು ವರ್ಷ ನಾನು ಕೇಳಿದ್ದು ಒಪ್ಪಿಗೆಯೋ, ಫಿಲ್ಟರೋ?