ಗೋಧಿಯ ಮೇಲೊಂದು ಗುಮಾನಿ

ಕಟ್ಟಿಕೊಂಡ ಹೆಂಡತಿಯ ಊಟದ ತಟ್ಟೆಯನ್ನು ಓರೆಗಣ್ಣಿನಲ್ಲಿ ನೋಡುತ್ತ ಕೂರುವುದು ಸಭ್ಯ ಗೃಹಸ್ಥನ ಲಕ್ಷಣವಲ್ಲ ಎಂಬುದು ನನಗೂ ಗೊತ್ತು. ಆದರೂ ಈಚೆಗೆ ನನ್ನ ಉದ್ಯೋಗ ಅದೇ. ವತ್ಸಲಾ ಚಪಾತಿ ಮುರಿದು ಬಾಯಿಗಿಟ್ಟಳೆಂದರೆ ನನ್ನ ಕಣ್ಣು ಗಡಿಯಾರಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅವಳು ಹೊಟ್ಟೆ ಒತ್ತಿಕೊಂಡು ಸೋಫಾಕ್ಕೆ ಒರಗುತ್ತಾಳೆ. ಅದಾದ ಮೇಲೆ ಓಮದ ಡಬ್ಬಿಯ ಸದ್ದು. ಇಷ್ಟಾದರೂ ಕೇಳಿದರೆ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತಾಳೆ. ದೆಹಲಿಯಲ್ಲಿ ನಾವಿರುವ ರೋಹಿಣಿ ಬಡಾವಣೆಯ ಮೆಟ್ರೊ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಲಾರದ ಗುಂಡುಕಲ್ಲು.

ನಿವೃತ್ತನಾಗುವ ಮುಂಚೆ ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ, ನೌಕರರ ಮೇಲೆ ಬಂದ ದೂರುಗಳನ್ನು ವಿಚಾರಿಸುವ ವಿಭಾಗದಲ್ಲಿದ್ದೆ. ಅನುಮಾನಪಡುವುದಕ್ಕೇ ಸಂಬಳ ಕೊಡುತ್ತಿದ್ದರು. ಈಗ ಪಿಂಚಣಿ ಕೊಡುತ್ತಿರುವುದೂ ಅದಕ್ಕೇ ಆದ್ದರಿಂದ ಅಭ್ಯಾಸವನ್ನು ಥಟ್ಟನೆ ಕೈಬಿಡುವುದು ಕೃತಘ್ನತೆಯಾದೀತು.

ಗೋಧಿಯ ಮೇಲೆ ನನಗೆ ಗುಮಾನಿ ಹುಟ್ಟಿದ್ದು ನವರಾತ್ರಿಯಲ್ಲಿ. ಎದುರು ಫ್ಲಾಟಿನ ಭಾಭೀಜಿ ಈ ಸಲ ವತ್ಸಲಾಳನ್ನೂ ತಮ್ಮ ಜೊತೆ ವ್ರತಕ್ಕೆ ಕೂರಿಸಿಕೊಂಡರು. ಇಲ್ಲಿಯವರ ಉಪವಾಸವೆಂದರೆ ಗೋಧಿಯನ್ನು ಮುಟ್ಟುವ ಹಾಗಿಲ್ಲ. ಕುಟ್ಟು ಎಂಬ ಬೂದು ಬಣ್ಣದ ಹಿಟ್ಟಿನ ಪೂರಿ, ಆಲೂಗಡ್ಡೆ, ಮೊಸರು. ವ್ರತ ಮುಗಿಯುವ ಹೊತ್ತಿಗೆ ಹೊಟ್ಟೆಯುಬ್ಬರ ಮಾಯ, ಓಮದ ಡಬ್ಬಿಗೆ ರಜೆ. "ಎಲ್ಲ ದೇವಿಯ ಕೃಪೆ" ಎಂದು ಅವಳು ಕೈಮುಗಿದಳು. ನಾನೂ ಮುಗಿದೆ. ಆದರೆ ಮುಗಿದ ಕೈಯ ಹಿಂದಿನ ತಲೆಯಲ್ಲಿ ಹಳೆಯ ವಿಚಾರಣಾಧಿಕಾರಿ ಎದ್ದು ಕೂತಿದ್ದ.

ಯಾಕೆಂದರೆ ನಮ್ಮ ಕಡೆಯ ಉಪವಾಸ ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಮುಸುರೆಯೆಂದರೆ ಅನ್ನ. ಅನ್ನ ಬಿಟ್ಟರೆ ಉಪವಾಸ ಮಾಡಿದಂತೆಯೇ. ಆಮೇಲೆ ಉಪ್ಪಿಟ್ಟು, ಚಪಾತಿ, ಗೋಧಿನುಚ್ಚಿನ ಪಾಯಸ ಎಷ್ಟು ಹೊಡೆದರೂ ಅದು ಫಲಾಹಾರ. ಆ ಫಲ ಯಾವ ಮರದ್ದೆಂದು ಯಾರೂ ಕೇಳಿಲ್ಲ. ವತ್ಸಲಾ ಮದುವೆಯಾದಾಗಿನಿಂದ ಶನಿವಾರ ಒಪ್ಪೊತ್ತು ಮಾಡುತ್ತಾಳೆ, ಮತ್ತು ಭಾನುವಾರ ಬೆಳಿಗ್ಗೆ ಅವಳ ಹೊಟ್ಟೆ ತಪ್ಪದೆ ಕೆಡುತ್ತದೆ. ಅವರ ದೇವರಿಗೆ ಉಪವಾಸ ಮಾಡಿದರೆ ಗುಣ, ನಮ್ಮ ದೇವರಿಗೆ ಮಾಡಿದರೆ ಹೊಟ್ಟೆನೋವು. ದೇವರುಗಳ ನಡುವೆ ಇಂಥ ಪಕ್ಷಪಾತ ಇರಲಾರದೆಂದು ನಂಬಿರುವ ನಾನು ಸಹಜವಾಗಿ ಧಾನ್ಯದ ಕಡೆ ಬೆರಳು ತೋರಿಸಿದೆ.

ಗುರುಗ್ರಾಮದಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ಅನು ಫೋನಿನಲ್ಲಿ ಆ ಆರೋಪಿಯ ಪೂರ್ತಿ ಹೆಸರು ಹೇಳಿದಳು. "ಅಪ್ಪಾ, ಅದು ಗ್ಲುಟನ್. ಅಮ್ಮಂಗೆ ಐರನ್ ಗೋಲಿ ತಗೊಂಡ್ರೂ ರಕ್ತ ಬಢ್ತಾ ಹೀ ನಹೀಂ, ಏರೋದೇ ಇಲ್ಲ, ಅದಕ್ಕೂ ಇದೇ ರೀಸನ್ ಇರಬಹುದು. ಟೆಸ್ಟ್ ಮಾಡ್ಸು ನಾ." ಗ್ಲುಟನ್ ಎಂದರೆ ಲ್ಯಾಟಿನ್ನಿನಲ್ಲಿ ಅಂಟು ಎಂದರ್ಥವಂತೆ. ಗೋಧಿಹಿಟ್ಟನ್ನು ಹಿಡಿದಿಡುವ ಈ ಗುಣವೇ ಕೆಲವರ ಕರುಳನ್ನು ಹಿಡಿದು ಹಿಂಡುತ್ತದೆ. ಅಂಟುನಂಟು ಎಂದು ನಾವು ಒಟ್ಟಿಗೇ ಹೇಳುವುದು ಸುಮ್ಮನೆ ಅಲ್ಲ. ಎರಡೂ ಬಿಡಿಸಿಕೊಳ್ಳಲು ಕಷ್ಟ.

ನಾನು ತಡಮಾಡಲಿಲ್ಲ. ಕಚೇರಿಯ ಪದ್ಧತಿಯಂತೆ ವಿಚಾರಣೆ ಮುಗಿಯುವವರೆಗೆ ಗೋಧಿಯನ್ನು ಅಮಾನತಿನಲ್ಲಿಟ್ಟೆ. ಹಿಟ್ಟಿನ ಡಬ್ಬ ಅಟ್ಟಕ್ಕೆ ಹೋಯಿತು. ರಾತ್ರಿ ಊಟಕ್ಕೆ ಅನ್ನ ಮರಳಿತು.

ಇಲ್ಲಿ ಒಂದು ಮಾತು ಹೇಳಬೇಕು. ನನಗೆ ಸಕ್ಕರೆ ಕಾಯಿಲೆ. ನಮ್ಮ ಮನೆಗೆ ರಾತ್ರಿಯ ಚಪಾತಿ ಬಂದದ್ದೇ ನನ್ನ ದೆಸೆಯಿಂದ. ಹಾಗಾಗಿ ವತ್ಸಲಾ ತಟ್ಟೆಯಲ್ಲಿದ್ದ ಅನ್ನವನ್ನೂ ನನ್ನ ಮುಖವನ್ನೂ ಒಂದಾದ ಮೇಲೊಂದು ನೋಡಿ ಹೇಳಿದಳು: "ಅನ್ನ ತಿನ್ನೋ ಆಸೆ ನಿಮಗೆ. ನೆಪಕ್ಕೆ ನನ್ನ ಹೊಟ್ಟೆ."

ಇದು ಅಪ್ಪಟ ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಬಾಯಲ್ಲಿ ಸಾರನ್ನ ಇತ್ತು.

ಶನಿವಾರ ಬಂತು. ಅಡುಗೆಮನೆಯಿಂದ ಒಗ್ಗರಣೆಯ ಘಮ. ಹೋಗಿ ನೋಡಿದರೆ ಬಾಣಲೆಯಲ್ಲಿ ಉಪ್ಪಿಟ್ಟು.

"ಗೋಧಿ ಬೇಡ ಅಂದಿದ್ದೆನಲ್ಲ."

"ಗೋಧಿ ಎಲ್ಲಿದೆ? ಇದು ರವೆ."

"ರವೆ ಎಲ್ಲಿಂದ ಬರುತ್ತೆ?"

"ಅಂಗಡಿಯಿಂದ."

ವೃತ್ತಿಜೀವನದಲ್ಲಿ ಎಷ್ಟೋ ಮಂದಿಯ ಹೇಳಿಕೆ ಪಡೆದಿದ್ದೇನೆ. ಹೀಗೆ ನಿಷ್ಕಳಂಕವಾಗಿ ಬಾಯಿ ಮುಚ್ಚಿಸಿದವರು ವಿರಳ. ರವೆ ಎಂದರೆ ಒಡೆದ ಗೋಧಿಯೇ ಎಂದು ವಿವರಿಸಿದೆ. "ಅಚ್ಛಾ, ನಾಳೆ ಶಾವಿಗೇನೂ ಗೋಧಿ ಅಂತೀರಿ" ಎಂದಳು. ಅದೂ ಹೌದು ಎನ್ನುವ ಧೈರ್ಯ ಬರಲಿಲ್ಲ.

ಕೊನೆಗೆ ಅನುವಿನ ಕಾಟ ತಡೆಯಲಾರದೆ ಇಬ್ಬರೂ ವೈದ್ಯೆಯ ಬಳಿಗೆ ಹೋದೆವು. ನಾನು ನನ್ನ ತನಿಖೆಯನ್ನು ಮೊದಲಿನಿಂದ ನಿವೇದಿಸಿ, ಗೋಧಿಯನ್ನು ಆಗಲೇ ನಿಲ್ಲಿಸಿರುವುದನ್ನೂ ತುಸು ಹೆಮ್ಮೆಯಿಂದ ಸೇರಿಸಿದೆ. ಆಕೆ ಪೆನ್ನು ಕೆಳಗಿಟ್ಟರು. "ಅಂಕಲ್‌ಜಿ, ಟೆಸ್ಟ್ ಸೇ ಪಹಲೇ ಹೀ ಆಟಾ ಬಂದ್?" ಪರೀಕ್ಷೆಗೆ ಮುಂಚೆಯೇ ಗೋಧಿಹಿಟ್ಟು ನಿಲ್ಲಿಸಿದರೆ ರಕ್ತದಲ್ಲಿರಬೇಕಾದ ಸುಳಿವೂ ಕ್ರಮೇಣ ಅಳಿಸಿಹೋಗುತ್ತದೆ, ರೋಗ ಇದ್ದರೂ ಇಲ್ಲವೆಂದು ವರದಿ ಬರಬಹುದು, ಕೆಲವು ವಾರ ದಿನಾ ಚಪಾತಿ ತಿಂದು ಆಮೇಲೆ ಬನ್ನಿ ಎಂದರು. ಸಾಕ್ಷ್ಯ ನಾಶವಾಗದಿರಲೆಂದು ಆರೋಪಿಯನ್ನು ದೂರವಿಡುವುದು ಸರ್ಕಾರದ ನಿಯಮ. ಸಾಕ್ಷ್ಯ ಉಳಿಯಬೇಕಾದರೆ ಆರೋಪಿ ಮನೆಯಲ್ಲೇ ಓಡಾಡುತ್ತಿರಬೇಕೆಂಬುದು ಕರುಳಿನ ನಿಯಮ.

ವತ್ಸಲಾಳಿಗೆ ಇದು ಹಬ್ಬದಂಥ ಸುದ್ದಿ. "ನೋಡಿದ್ರಾ, ಡಾಕ್ಟ್ರೇ ಚಪಾತಿ ತಿನ್ನು ಅಂತಾರೆ. ಟೆಸ್ಟೇ ಬೇಡ, ಸುಮ್ನೆ ತಿನ್ಕೊಂಡಿರ್ತೀನಿ." ಅವಳ ಭಯ ನನಗೆ ಗೊತ್ತಿತ್ತು. ಇದೆ ಎಂದು ಬಂದರೆ ಜೀವನಪೂರ್ತಿ ಗೋಧಿ ಇಲ್ಲ. ಯಾರ ಮನೆಗೆ ಹೋದರೂ ಇದು ಯಾವುದರ ಹಿಟ್ಟು ಎಂದು ಕೇಳುವವಳಾಗಬೇಕು. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತಿನ್ನುವವಳಿಗೆ ಅದು ರೋಗಕ್ಕಿಂತ ದೊಡ್ಡ ಶಿಕ್ಷೆ.

ಆಗ ವೈದ್ಯೆ ಮಕ್ಕಳಿದ್ದಾರೆಯೇ ಎಂದು ಕೇಳಿದರು. ತಾಯಿಗೆ ಇದ್ದರೆ ಮಗಳಿಗೂ ಇರುವ ಸಾಧ್ಯತೆ ಇದೆ, ಅವಳನ್ನೂ ಪರೀಕ್ಷಿಸಬೇಕಾಗುತ್ತದೆ ಎಂದರು.

ಇ-ರಿಕ್ಷಾದಲ್ಲಿ ಮನೆಗೆ ಬಂದೆವು. ಇಳಿಯುವಾಗ ವತ್ಸಲಾ ಅಂದಳು: "ಅನೂಗೂ ಚಿಕ್ಕಂದಿನಿಂದ ಹೊಟ್ಟೆನೋವು ಅಲ್ವಾ? ಸ್ಕೂಲು ತಪ್ಪಿಸೋಕೆ ಕಳ್ಳಾಟ ಅಂತ ಬೈತಿದ್ದೆ." ಬಾಗಿಲ ಬೀಗ ತೆಗೆಯುತ್ತ, "ಆ ಹಿಟ್ಟಿನ ಡಬ್ಬ ಇಳಿಸಿ. ಟೆಸ್ಟ್ ಮಾಡಿಸ್ಕೋತೀನಿ."

ಆಮೇಲಿನ ವಾರಗಳು ವಿಚಿತ್ರವಾಗಿದ್ದವು. ನಾನು ಯಾವುದನ್ನು ವಿಷವೆಂದು ನಂಬಿದ್ದೆನೋ ಅದನ್ನೇ ಇನ್ನೊಂದು ಹಾಕಿಕೋ ಎಂದು ಬಡಿಸಬೇಕಾಗಿತ್ತು. ಅವಳು ನುಂಗುತ್ತಿದ್ದಳು, ಉಬ್ಬರಿಸಿಕೊಳ್ಳುತ್ತಿದ್ದಳು, ಮಗಳು ಫೋನ್ ಮಾಡಿದರೆ ಏನೂ ಇಲ್ಲ ಎನ್ನುತ್ತಿದ್ದಳು.

ಈ ಬೆಳಿಗ್ಗೆ ಲ್ಯಾಬಿನವನು ಮನೆಗೇ ಬಂದ. ವತ್ಸಲಾ ತೋಳು ಒಡ್ಡಿ ರಕ್ತ ಕೊಟ್ಟಳು. ಅವನು ಬ್ಯಾಗು ಮುಚ್ಚುವಷ್ಟರಲ್ಲಿ, "ಭಯ್ಯಾ, ಇನ್ಕಾ ಭೀ ಲೇ ಲೋ" ಎಂದು ನನ್ನ ರಕ್ತವನ್ನೂ ತೆಗೆಯಲು ಹೇಳಿದಳು.

"ನಂದ್ಯಾಕೆ?"

"ನಾಳೆ ಅನೂಗೂ ಇದೆ ಅಂತಾದ್ರೆ ಯಾರ ಕಡೆಯಿಂದ ಬಂತು ಅಂತ ಗೊತ್ತಾಗಬೇಡ್ವಾ? ನಿಮ್ಮಮ್ಮ ಊಟ ಆದ್ಮೇಲೆ ಹೊಟ್ಟೆ ಹಿಡ್ಕೊಂಡು ಕೂರ್ತಿದ್ದದ್ದು ನಾನು ನೋಡಿಲ್ವಾ?"

ದೂರುದಾರನನ್ನೇ ಆರೋಪಿಯ ಸಾಲಿನಲ್ಲಿ ನಿಲ್ಲಿಸಿದ ಪ್ರಕರಣ ನನ್ನ ಅನುಭವದಲ್ಲಿ ಇದೇ ಮೊದಲು. ಅಂಗಿಯ ತೋಳು ಮಡಿಸಿ ಕೈ ಚಾಚಿ ಕೂತೆ.

ವರದಿ ನಾಳೆ ಬರುತ್ತದಂತೆ. ಸಂಜೆ ದೀಪ ಹಚ್ಚಿದ ಮೇಲೆ ದೇವರ ಮುಂದೆ ನಿಂತು ಏನು ಬೇಡಲೆಂದು ತಿಳಿಯಲಿಲ್ಲ. ಅವಳಿಗೆ ರೋಗ ಇರಲಿ ಎನ್ನುವ ಹಾಗಿಲ್ಲ, ಇಲ್ಲವೆಂದಾದರೆ ಅವಳ ದಣಿವಿಗೆ ಇನ್ನೊಂದು ಕಾರಣ ಹುಡುಕಬೇಕು. ಕೊನೆಗೆ, ಅನುವಿಗೆ ಇರುವುದೇ ಆದರೆ ಅದು ನನ್ನ ಕಡೆಯಿಂದಲೇ ಬಂದದ್ದಾಗಿರಲಿ ಎಂದು ಕೇಳಿಕೊಂಡೆ. ವತ್ಸಲಾಳಿಗೆ ಇದನ್ನು ಹೇಳಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಗಂಡ ಇದ್ದಕ್ಕಿದ್ದಂತೆ ಇಷ್ಟೊಂದು ಒಳ್ಳೆಯವನಾದರೆ ಯಾವ ಹೆಂಡತಿಗಾದರೂ ಅನುಮಾನ ಬರುತ್ತದೆ.